ಗುಜರಿಯ ತಕ್ಕಡಿಯಲ್ಲಿ ಒಂದು ಬೆಂಚ್ ವೈಸ್

(ಹಳೆಯ ಬೆಂಚ್ ವೈಸ್ ಹಾಗೂ ಕೈ ಉಪಕರಣಗಳ ಸಂಗ್ರಹ, ಗುರುತು ಮತ್ತು ದುರಸ್ತಿ ಕುರಿತ ಉಪನ್ಯಾಸದ ಬರಹರೂಪ)



ಯಾವ ಊರಿನ ಗುಜರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೂ ಕಾಣುವ ದೃಶ್ಯ ಇದು. ಬಾಗಿಲು ಮುಚ್ಚಿದ ಯಾವುದೋ ವರ್ಕ್‌ಶಾಪಿನಿಂದ ಲಗೇಜ್ ಆಟೋದಲ್ಲಿ ಒಂದಷ್ಟು ಸಾಮಾನು ಬಂದು ಬೀಳುತ್ತದೆ. ತುಂಡು ಪೈಪು, ಸವೆದ ಬೇರಿಂಗು, ಮುರಿದ ಕುರ್ಚಿಯ ಕಾಲು. ಇವುಗಳ ನಡುವೆ ಇಪ್ಪತ್ತೈದು ಕಿಲೋ ತೂಗುವ, ತುಕ್ಕು ಹಿಡಿದು ಕೆಂಪಗಾದ ಒಂದು ಕಬ್ಬಿಣದ ಗಡ್ಡೆ. ಅಂಗಡಿಯವನು ಅದನ್ನು ತಕ್ಕಡಿಗೆ ಎತ್ತಿಹಾಕಿ 'ಬೀಡು' ಎಂದು ಕೂಗುತ್ತಾನೆ. ಅಲ್ಲಿಗೆ ಅದರ ಜಾತಕ ಮುಗಿಯಿತು. ಬೀಡಿನ ರಾಶಿಗೆ ಸೇರಿ, ಲಾರಿ ಹತ್ತಿ, ಬೆಳಗಾವಿಯದೋ ಕೊಯಮತ್ತೂರಿನದೋ ಫೌಂಡ್ರಿಯಲ್ಲಿ ಕರಗಿ, ನೀರೆತ್ತುವ ಪಂಪಿನ ಹೊದಿಕೆಯಾಗಿ ಹೊರಬರುತ್ತದೆ.

ಆ ಗಡ್ಡೆಯ ಹೆಸರು ಬೆಂಚ್ ವೈಸ್. ಐಟಿಐನಲ್ಲಿ ಫಿಟ್ಟರ್ ಕಲಿತವರಿಗೆ ಅದನ್ನು ವಿವರಿಸಬೇಕಾಗಿಲ್ಲ. ತಿಂಗಳುಗಟ್ಟಲೆ ಅದರ ಮುಂದೆ ನಿಂತು, ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಸಮತಟ್ಟು ಮಾಡಿದ ನೆನಪು ಅವರ ತೋಳಿನಲ್ಲೇ ಇರುತ್ತದೆ. ಉಳಿದವರಿಗಾಗಿ ಹೇಳುವುದಾದರೆ, ಕೆಲಸದ ಮೇಜಿಗೆ ಬೋಲ್ಟು ಹಾಕಿ ಬಿಗಿದ, ಎರಡು ದವಡೆಗಳ ನಡುವೆ ವಸ್ತುವನ್ನು ಕಚ್ಚಿ ಹಿಡಿಯುವ ಸಾಧನ. ಒಂದು ದವಡೆ ಅಲುಗದು. ಇನ್ನೊಂದು, ಹಿಡಿಕೆ ತಿರುಗಿಸಿದರೆ ದಪ್ಪ ಸ್ಕ್ರೂವಿನ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಇಷ್ಟೇ. ಆದರೆ ಇದು ಹಿಡಿದುಕೊಳ್ಳದಿದ್ದರೆ ಅರ, ಗರಗಸ, ಉಳಿ ಯಾವುದೂ ಸರಿಯಾಗಿ ಕೆಲಸ ಮಾಡದು. ಬಡಗಿ ಕಾಲಿನಡಿ ಹಲಗೆ ಒತ್ತಿ ಹಿಡಿದಾನು. ಕಬ್ಬಿಣದ ಕೆಲಸಗಾರನಿಗೆ ಆ ಅನುಕೂಲವಿಲ್ಲ.

ಗುಜರಿಗೆ ಬಂದ ವೈಸ್‌ಗಳಲ್ಲಿ ಅನೇಕವು ಸತ್ತಿರುವುದಿಲ್ಲ. ಮೇಲಿನ ತುಕ್ಕು ಕಾಗದದಷ್ಟೇ ದಪ್ಪವಿರುತ್ತದೆ. ಒಳಗಿನ ಸ್ಕ್ರೂ ಗ್ರೀಸಿನಲ್ಲಿ ಮುಳುಗಿ ಹೊಸದರಂತಿರುತ್ತದೆ. ಐವತ್ತು ವರ್ಷ ದುಡಿದದ್ದು ಇನ್ನೂ ಐವತ್ತು ವರ್ಷ ದುಡಿಯಬಲ್ಲದು. ಅದನ್ನು ಗುರುತಿಸುವ ಕಣ್ಣು ತಕ್ಕಡಿಯ ಪಕ್ಕದಲ್ಲಿ ಇರುವುದಿಲ್ಲ ಎಂಬುದೇ ತೊಂದರೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಇಂಥ ಉಪಕರಣಗಳನ್ನು ಹುಡುಕಿ, ಕಾಲ ಗೊತ್ತುಮಾಡಿ, ತುಕ್ಕು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚುವವರ ದೊಡ್ಡ ಬಳಗವೇ ಇದೆ. ಅವರು ಕಂಡುಕೊಂಡ ಗುರುತುಗಳು, ಉಪಾಯಗಳು ನಮ್ಮ ಗುಜರಿ ಅಂಗಡಿಗೂ ಅಷ್ಟೇ ಅನ್ವಯಿಸುತ್ತವೆ.

ಕಾಲುಳ್ಳ ವೈಸ್‌ನಿಂದ ಬೀಡಿನ ವೈಸ್‌ಗೆ

ಮೊದಲು ಈ ವಸ್ತುವಿನ ವಂಶವೃಕ್ಷ. ಬೆಂಚ್ ವೈಸ್‌ಗೂ ಹಿಂದಿನದು ಕಮ್ಮಾರನ ಕಾಲುಳ್ಳ ವೈಸ್. ಅದರ ಒಂದು ದವಡೆಯಿಂದ ಉದ್ದನೆಯ ಕಂಬವೊಂದು ಇಳಿದು ನೆಲಕ್ಕೆ, ಇಲ್ಲವೆ ನೆಲದಲ್ಲಿ ಹೂತ ಮರದ ದಿಮ್ಮಿಗೆ ಊರಿಕೊಂಡಿರುತ್ತದೆ. ಸುತ್ತಿಗೆಯ ಪೆಟ್ಟು ಮೇಜಿಗೆ ತಾಗದೆ ಆ ಕಾಲಿನ ಮೂಲಕ ನೇರ ನೆಲಕ್ಕೆ ಹೋಗಲಿ ಎಂಬುದು ಇದರ ಉದ್ದೇಶ. ಕಾಯಿಸಿ ಬಡಿದು ಮಾಡಿದ ಮೆದು ಕಬ್ಬಿಣದ ಮೈ, ಹಿಡಿಯುವ ಜಾಗದಲ್ಲಿ ಮಾತ್ರ ಬೆಸೆದ ಉಕ್ಕು. ಬಡಿದರೆ ಬಾಗೀತು, ಒಡೆಯದು. ಇಂಗ್ಲೆಂಡಿನ ಡಡ್ಲಿಯ ಪೀಟರ್ ರೈಟ್ ಎಂಬ ಹೆಸರು ಹೊತ್ತ ಇಂಥ ವೈಸ್‌ಗಳಿಗೆ ಇಂದಿಗೂ ಹುಡುಕಾಟವಿದೆ.

ಅದರ ದೋಷ ಒಂದೇ. ಚಲಿಸುವ ದವಡೆ ಕೆಳಗಿನ ಕೀಲಿನ ಸುತ್ತ ಬಾಗುವುದರಿಂದ, ಅಗಲವಾಗಿ ತೆರೆದಾಗ ಎರಡು ದವಡೆಗಳೂ ಸಮಾನಾಂತರವಾಗಿರದೆ ಮೇಲೆ ಅಗಲ, ಕೆಳಗೆ ಕಿರಿದಾಗುತ್ತವೆ. ದಪ್ಪ ತುಂಡನ್ನು ಕಚ್ಚಿಸಿದರೆ ದವಡೆಯ ಕೆಳ ಅಂಚು ಮಾತ್ರ ಹಿಡಿಯುತ್ತದೆ. ಕುಲುಮೆಯಲ್ಲಿ ಅದು ನಡೆದೀತು. ಒಂದರಂತೆ ಇನ್ನೊಂದು ಬಿಡಿಭಾಗ ಬೇಕೆನ್ನುವ ಯಂತ್ರಗಳ ಕಾಲದಲ್ಲಿ ನಡೆಯದು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅಮೆರಿಕದಲ್ಲಿ ಬೀಡು ಕಬ್ಬಿಣದ ಎರಕದ ಸಮಾನಾಂತರ ದವಡೆಯ ವೈಸ್‌ಗಳು ಹೆಚ್ಚುತ್ತ ಹೋದದ್ದು ಇದೇ ಕಾರಣಕ್ಕೆ. ದವಡೆ ಬಾಗುವ ಬದಲು ಗಾಡಿಯಲ್ಲಿ ಜಾರತೊಡಗಿತು.

ಆ ಪೈಕಿ ದೊಡ್ಡ ಹೆಸರು ಕನೆಕ್ಟಿಕಟ್ ರಾಜ್ಯದ ಮೆರಿಡೆನ್ ಊರಿನ ಚಾರ್ಲ್ಸ್ ಪಾರ್ಕರ್. ಈತ 1832ರಲ್ಲಿ ಕಾರ್ಖಾನೆ ತೆರೆದದ್ದು ವೈಸ್ ಮಾಡಲಿಕ್ಕಲ್ಲ, ಕಾಫಿ ಬೀಜ ಪುಡಿಮಾಡುವ ಕೈಗಿರಣಿ ಮಾಡಲಿಕ್ಕೆ. (ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಫಿ ಗಿರಣಿ ಕಂಡವರು ಎರಕದ ಆ ಬಗೆಯ ಕೆಲಸವನ್ನು ಊಹಿಸಿಕೊಳ್ಳಬಹುದು.) ಮುಂದೆ ವೈಸು, ಬಂದೂಕು, ಏನೇನೋ. ಎರಕ ಬಲ್ಲವನು ಯಾವ ಅಚ್ಚನ್ನಾದರೂ ಹೊಯ್ದಾನು.

ಮ್ಯಾಸಚುಸೆಟ್ಸ್‌ನ ಅಥೋಲ್ ಎಂಬ ಸಣ್ಣ ಊರಿನ ಕಥೆ ಇನ್ನೂ ಸ್ವಾರಸ್ಯ. ಲರಾಯ್ ಸ್ಟಾರೆಟ್ ಎಂಬಾತ ತಾನು ಕಂಡುಹಿಡಿದ ಮಾಂಸ ಕೊಚ್ಚುವ ಯಂತ್ರವನ್ನು ತಯಾರಿಸಲು ಅಥೋಲ್ ಮೆಷಿನ್ ಕಂಪೆನಿ ಸೇರಿದ. ಅಲ್ಲಿ ಮನಸ್ತಾಪವಾಗಿ ಹೊರಬಂದ. ನಮ್ಮ ಫಿಟ್ಟರ್‌ಗಳೆಲ್ಲ ಬಳಸುವ ಕಾಂಬಿನೇಷನ್ ಸ್ಕ್ವೇರ್‌ಗೆ 1879ರಲ್ಲಿ ಪೇಟೆಂಟ್ ಪಡೆದದ್ದು ಈತನೇ. 1880ರಲ್ಲಿ ತನ್ನದೇ ಕಂಪೆನಿ ಕಟ್ಟಿದ. 1905ರಲ್ಲಿ ಹಳೆಯ ಅಥೋಲ್ ಕಂಪೆನಿಯೇ ಆತನ ಕೈಗೆ ಬಂತು. ಆದ್ದರಿಂದ ಅಥೋಲ್ ಎಂದು ಬರೆದ ವೈಸ್, ಸ್ಟಾರೆಟ್ ಎಂದು ಬರೆದ ವೈಸ್ ಎರಡೂ ಬಂಧುಗಳು. ಹೆಸರು ಬೇರೆ ಎಂದಾಕ್ಷಣ ಮನೆತನ ಬೇರೆ ಎನ್ನುವಂತಿಲ್ಲ.

ಇಂಗ್ಲೆಂಡಿನಲ್ಲಿ ಯಾರ್ಕ್‌ಷೈರಿನ ಶಿಪ್ಲಿಯ ಪಾರ್ಕಿನ್ಸನ್ ಕಂಪೆನಿ 1880ರ ದಶಕದಲ್ಲಿ ಒಂದು ಸಣ್ಣ ಕ್ರಾಂತಿ ಮಾಡಿತು. ಸಾಮಾನ್ಯ ವೈಸ್‌ನಲ್ಲಿ ದವಡೆಯನ್ನು ನಾಲ್ಕು ಅಂಗುಲ ಸರಿಸಬೇಕಾದರೆ ಹಿಡಿಕೆಯನ್ನು ಹತ್ತಾರು ಸುತ್ತು ತಿರುಗಿಸುತ್ತ ನಿಲ್ಲಬೇಕು. ಪಾರ್ಕಿನ್ಸನ್ 'ಪರ್ಫೆಕ್ಟ್' ವೈಸ್‌ನಲ್ಲಿ ಪೂರ್ಣ ನಟ್ ಬದಲು ಸ್ಕ್ರೂವನ್ನು ಒಂದೇ ಬದಿಯಿಂದ ಕಚ್ಚುವ ಅರ್ಧ ನಟ್ ಇಟ್ಟರು. ಹಿಡಿಕೆಯ ಪಕ್ಕದ ಸಣ್ಣ ಸನ್ನೆಯನ್ನು ಒತ್ತಿದರೆ ಅರ್ಧ ನಟ್ ಸ್ಕ್ರೂವಿನಿಂದ ದೂರ ಸರಿಯುತ್ತದೆ. ದವಡೆಯನ್ನು ಮೇಜಿನ ಡ್ರಾಯರ್ ಎಳೆದಂತೆ ಎಳೆಯಬಹುದು, ತಳ್ಳಬಹುದು. ಬಿಟ್ಟರೆ ಮತ್ತೆ ಕಚ್ಚಿಕೊಳ್ಳುತ್ತದೆ. ಶೆಫೀಲ್ಡ್‌ನ ಸಿ ಅಂಡ್ ಜೆ ಹ್ಯಾಂಪ್ಟನ್ ಕಂಪೆನಿ 'ರೆಕಾರ್ಡ್' ಎಂಬ ಮುದ್ರೆಯಲ್ಲಿ ಹೊರತಂದ ನೀಲಿ ಬಣ್ಣದ ವೈಸ್‌ಗಳು ಆಮೇಲೆ ಮನೆಮಾತಾದವು.

ಇನ್ನೊಂದು ಹೆಸರನ್ನು ಹೇಳದಿದ್ದರೆ ಸಂಗ್ರಹಕಾರರು ಸಿಟ್ಟಾಗುತ್ತಾರೆ: ಷಿಕಾಗೋದ ವಿಲ್ಟನ್. ಚೆಕ್ ನಾಡಿನಿಂದ ವಲಸೆ ಬಂದ ಹ್ಯೂ ವೋಗಲ್ 1941ರಲ್ಲಿ ಆರಂಭಿಸಿದ ಕಂಪೆನಿ ಇದು. ಸ್ಕ್ರೂ ಮತ್ತು ನಟ್ ಎರಡನ್ನೂ ಉದ್ದನೆಯ ದುಂಡು ಕೊಳವೆಯೊಳಗೆ ಮುಚ್ಚಿಬಿಟ್ಟದ್ದು ಆತನ ಜಾಣತನ. ಅರದ ಪುಡಿ, ಧೂಳು ಒಳಹೋಗದು. ಹಾಕಿದ ಗ್ರೀಸು ಹೊರಬಾರದು. ಹಿಂಬದಿಯ ಗುಂಡಗಿನ ತುದಿ ನೋಡಿ ಜನ ಅದಕ್ಕೆ 'ಬುಲೆಟ್ ವೈಸ್' ಎಂದು ಹೆಸರಿಟ್ಟರು. ನೋಡಲಿಕ್ಕೂ ಚಂದ. ಚಂದಕ್ಕಾಗಿಯೇ ಬೆಲೆ ಏರಿದೆ ಎಂದರೂ ತಪ್ಪಲ್ಲ.

ಅಕ್ಷರ ಓದುವ ಬಗೆ

ಹಳೆಯ ಉಪಕರಣ ಕೈಗೆ ಬಂದೊಡನೆ ಎಲ್ಲರೂ ಕೇಳುವುದು: ಇದು ಯಾವ ಕಾಲದ್ದು? ಉತ್ತರ ಬಹುಪಾಲು ಅದರ ಮೈಮೇಲೆಯೇ ಇರುತ್ತದೆ, ಓದುವ ತಾಳ್ಮೆ ಬೇಕು.

ವಿಲ್ಟನ್ ವೈಸ್‌ನ ಜಾರುವ ಭಾಗವನ್ನು ಪೂರ್ತಿ ಹೊರತೆಗೆದು ಅಡಿಮೇಲು ಮಾಡಿದರೆ ಅಲ್ಲಿ ತಿಂಗಳು, ವರ್ಷದ ಮುದ್ರೆ ಕಾಣುತ್ತದೆ. ಇಲ್ಲೊಂದು ಮೋಸವಿದೆ. ಆರಂಭದ ವರ್ಷಗಳಲ್ಲಿ ಒತ್ತುತ್ತಿದ್ದದ್ದು ತಯಾರಾದ ದಿನವನ್ನಲ್ಲ, ಐದು ವರ್ಷದ ಗ್ಯಾರಂಟಿ ಮುಗಿಯುವ ದಿನವನ್ನು. ಗ್ಯಾರಂಟಿ ಎಂಬ ಮಾತಿನ ಜೊತೆ 4-52 ಎಂದಿದ್ದರೆ ಆ ವೈಸ್ ಹುಟ್ಟಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಇದು ಗೊತ್ತಿಲ್ಲದವರು ಐದು ವರ್ಷ ಕಿರಿದು ಮಾಡಿ ಹೇಳುತ್ತಾರೆ. ಮೈಮೇಲೆ ಷಿಕಾಗೋ ಎಂದು ಎರಕ ಹೊಯ್ದಿದ್ದರೆ ಹಳೆಯದು. ಷಿಲ್ಲರ್ ಪಾರ್ಕ್ ಎಂದಿದ್ದರೆ ಕಾರ್ಖಾನೆ ಅಲ್ಲಿಗೆ ಹೋದ ನಂತರದ್ದು, ಅಂದರೆ 1950ರ ದಶಕದ ಉತ್ತರಾರ್ಧದಿಂದ ಈಚಿನದು.

ಕಾಲನಿರ್ಣಯದಲ್ಲಿ ಅತ್ಯಂತ ಸೂಕ್ಷ್ಮವಾಗಿ ಅಭ್ಯಾಸಗೊಂಡಿರುವುದು ವೈಸ್ ಅಲ್ಲ, ಬಡಗಿಗಳ ತೋಪಡ. ಲೆನರ್ಡ್ ಬೇಯ್ಲಿ ಎಂಬಾತ ರೂಪಿಸಿದ ಕಬ್ಬಿಣದ ತೋಪಡದ ಹಕ್ಕುಗಳನ್ನು ಅಮೆರಿಕದ ಸ್ಟ್ಯಾನ್ಲಿ ಕಂಪೆನಿ 1869ರಲ್ಲಿ ಕೊಂಡುಕೊಂಡಿತು. ಅಲ್ಲಿಂದ ಮುಂದೆ ಅದೇ ತೋಪಡ ನೂರು ವರ್ಷ ತಯಾರಾಯಿತು, ಆದರೆ ಸಣ್ಣಪುಟ್ಟ ಬದಲಾವಣೆಗಳೊಂದಿಗೆ. ಆ ಬದಲಾವಣೆಗಳನ್ನೇ ಹಿಡಿದು ಅಭ್ಯಾಸಿಗಳು ಇಪ್ಪತ್ತರಷ್ಟು 'ಟೈಪ್'ಗಳಾಗಿ ವಿಂಗಡಿಸಿದ್ದಾರೆ. ಹಳೆಗನ್ನಡ ಶಾಸನದ ಕಾಲವನ್ನು ಅಕ್ಷರದ ತಿರುವು ನೋಡಿ ಹೇಳುವುದಿಲ್ಲವೆ, ಹಾಗೆ.

ಒಂದೆರಡು ಉದಾಹರಣೆ ಸಾಕು. ಅಲಗನ್ನು ಎಡ ಬಲ ಓರೆ ಮಾಡುವ ಸಣ್ಣ ಸನ್ನೆ ಇಲ್ಲದಿದ್ದರೆ ತೋಪಡ 1885ಕ್ಕಿಂತ ಹಿಂದಿನದು. ಅಲಗನ್ನು ಬಿಚ್ಚಿದಾಗ ತಳದಲ್ಲಿ 1902ರ ಮಾರ್ಚ್ 25, 1902ರ ಆಗಸ್ಟ್ 19, 1910ರ ಏಪ್ರಿಲ್ 19 ಎಂಬ ಮೂರು ಪೇಟೆಂಟ್ ದಿನಾಂಕಗಳು ಕಂಡರೆ ಅದು 1910ರಿಂದ 1918ರ ನಡುವಿನದು. ಕೊನೆಯ ದಿನಾಂಕ ಒಂದೇ ಉಳಿದಿದ್ದರೆ ಅದರ ನಂತರದ್ದು. ಮೇಲಿನ ಒತ್ತುಪಟ್ಟಿಯ ರಂಧ್ರ ಬೀಗದ ಕಿಂಡಿಯಂತಿರದೆ ಮೂತ್ರಪಿಂಡದ ಆಕಾರದಲ್ಲಿದ್ದರೆ 1933ರಿಂದ ಈಚಿನದು. ಹಿತ್ತಾಳೆಯ ತಿರುಗಣೆ ಇರಬೇಕಾದ ಜಾಗದಲ್ಲಿ ಕರಿ ಗಟ್ಟಿರಬ್ಬರಿನ ತಿರುಗಣೆ ಇದ್ದರೆ? ಎರಡನೆಯ ಮಹಾಯುದ್ಧ. ಹಿತ್ತಾಳೆಯೆಲ್ಲ ಗುಂಡಿನ ಕೋಶಗಳಿಗೆ ಬೇಕಾಗಿದ್ದ ಕಾಲ. ಯುದ್ಧದ ಚರಿತ್ರೆಯನ್ನು ಬಡಗಿಯ ಬೆರಳು ಹೀಗೂ ಮುಟ್ಟಿತ್ತು.

ಎರಡು ಎಚ್ಚರಿಕೆ. ಪೇಟೆಂಟ್ ದಿನಾಂಕವೆಂದರೆ ತಯಾರಾದ ದಿನಾಂಕವಲ್ಲ, 'ಇದಕ್ಕಿಂತ ಹಿಂದಿನದಲ್ಲ' ಎನ್ನುವುದಕ್ಕೆ ಮಾತ್ರ ಸಾಕ್ಷಿ. ಇನ್ನೊಂದು, ದುಡಿದ ಉಪಕರಣದಲ್ಲಿ ಬಿಡಿಭಾಗಗಳು ಅದಲುಬದಲಾಗಿರುತ್ತವೆ. ಅಲಗು ಸವೆದರೆ ಬಡಗಿ ಇನ್ನೊಂದರ ಅಲಗು ಹಾಕುತ್ತಾನೆ. ಅವನಿಗೆ ಮರ ಸಾಪು ಆಗಬೇಕಷ್ಟೆ, ಇತಿಹಾಸವಲ್ಲ. ಆದ್ದರಿಂದ ಒಂದೇ ಗುರುತನ್ನು ನಂಬಿ ತೀರ್ಪು ಕೊಡುವುದು ಅಪಾಯ.

ದೇಶದ ಹೆಸರೂ ಒಂದು ಸುಳಿವು. 1890ರ ಮೆಕಿನ್ಲಿ ಸುಂಕದ ಕಾಯಿದೆಯ ಪ್ರಕಾರ ಅಮೆರಿಕಕ್ಕೆ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಕಡ್ಡಾಯವಾಯಿತು. ರಫ್ತಾಗುವ ಉಪಕರಣಗಳ ಮೇಲೆ ಇಂಗ್ಲೆಂಡ್, ಜರ್ಮನಿ ಎಂಬ ಹೆಸರುಗಳು ಅಲ್ಲಿಂದೀಚೆಗೆ ಹೆಚ್ಚಾಗಿ ಕಾಣುತ್ತವೆ.

ನಮ್ಮ ಕಡೆ ಸಿಗುವ ಉಪಕರಣಗಳಲ್ಲಿ ತಯಾರಕನ ಹೆಸರಿಗಿಂತ ಒಡೆಯನ ಗುರುತು ಹೆಚ್ಚು ಮಾತಾಡುತ್ತದೆ. ಬ್ರಿಟಿಷರ ಕಾಲದಲ್ಲಿ ರೈಲ್ವೆ, ಗಣಿ, ಮಿಲ್ಲುಗಳ ವರ್ಕ್‌ಶಾಪ್‌ಗಳಿಗೆ ಹಡಗಿನಲ್ಲಿ ಬಂದ ಉಪಕರಣಗಳು ಕಳುವಾಗದಿರಲೆಂದು ಆಯಾ ಸಂಸ್ಥೆಯ ಅಕ್ಷರಗಳನ್ನು ಅಚ್ಚೊತ್ತುತ್ತಿದ್ದರು. 'ಎಂ.ಎಸ್.ಎಂ.' ಎಂದು ಕೊರೆದ ಸುತ್ತಿಗೆಯೋ ವೈಸೋ ಸಿಕ್ಕರೆ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು. ಆ ಕಂಪೆನಿ ಈ ಹೆಸರಿನಲ್ಲಿ ಇದ್ದದ್ದು 1908ರಿಂದ 1951ರವರೆಗೆ, ದಕ್ಷಿಣ ರೈಲ್ವೆಯಲ್ಲಿ ಲೀನವಾಗುವ ತನಕ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಕೂಡ ಆ ಕಂಪೆನಿಯ ಆಡಳಿತದಲ್ಲಿತ್ತು. ಹಾಗೆಯೇ ಅಗಲ ಬಾಣದ ತಲೆಯಂಥ ಗುರುತು ಇದ್ದರೆ ಅದು ಸರ್ಕಾರದ ಸೈನ್ಯದ ಸೊತ್ತು. ಬಾಣದ ಜೊತೆ ಇಂಗ್ಲಿಷಿನ 'ಐ' ಅಕ್ಷರವಿದ್ದರೆ ಭಾರತದ ಸೈನ್ಯದ್ದು.

ಕೋಲಾರದ ಚಿನ್ನದ ಗಣಿಯ ಮಾತೂ ಇಲ್ಲಿ ಬರುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಕಾಲಿಟ್ಟಂದಿನಿಂದ 2001ರ ಫೆಬ್ರುವರಿ 28ರಂದು ಬಾಗಿಲು ಹಾಕುವ ತನಕ ಆ ಗಣಿಗಳಿಗೆ ಬೇಕಾದ ಯಂತ್ರಗಳ ದುರಸ್ತಿಗೆ ಅಲ್ಲೇ ವರ್ಕ್‌ಶಾಪ್‌ಗಳಿದ್ದವು. ಮೈಲಿಗಟ್ಟಲೆ ಆಳದ ಗಣಿಯ ಪಂಪು, ಗಾಲಿ, ಹಗ್ಗದ ಯಂತ್ರ ಎಲ್ಲವೂ ಯಾವುದೋ ಫಿಟ್ಟರನ ವೈಸ್‌ನ ಮುಂದೆ ಹಾದುಬಂದವೇ. ಚಿನ್ನದ ಲೆಕ್ಕ ಸರ್ಕಾರದ ದಾಖಲೆಯಲ್ಲಿ ಗ್ರಾಮಿನವರೆಗೂ ಇರುತ್ತದೆ. ವೈಸ್‌ಗಳ ಲೆಕ್ಕ ಯಾರೂ ಬರೆದಿಡುವುದಿಲ್ಲ. ದಾಸ್ತಾನು ಪುಸ್ತಕದಲ್ಲಿ ಒಂದು ಸಾಲು, ಹರಾಜಿನಲ್ಲಿ ಕೆಂಪು ಗೆರೆ.

ಇಲ್ಲಿನ ವೈಸ್‌ಗಳಿಗೆ ಇನ್ನೊಂದು ವಿಶೇಷವಿದೆ. ಆಯುಧ ಪೂಜೆಗೆ ಮುಂಚೆ ಯಂತ್ರಗಳನ್ನು ತೊಳೆದು ಬಣ್ಣ ಹೊಡೆಯುವ ರೂಢಿ ಅನೇಕ ವರ್ಕ್‌ಶಾಪ್‌ಗಳಲ್ಲಿದೆ. ಕೆಳಗಿನ ಹಳೆ ಬಣ್ಣ ಕೆರೆಯುವ ವ್ಯವಧಾನ ಯಾರಿಗಿದೆ? ಅದರ ಮೇಲೆಯೇ ಇನ್ನೊಂದು ಕೈ. ವರ್ಷಕ್ಕೊಂದು ಪದರದಂತೆ ಹಸಿರು, ಬೂದು, ನೀಲಿ, ಮತ್ತೆ ಹಸಿರು. ಕೊನೆಗೆ ಎರಕದಲ್ಲಿ ಎದ್ದು ಕಾಣಬೇಕಾದ ಅಕ್ಷರಗಳು ಬಣ್ಣದಡಿ ಹೂತುಹೋಗಿ, ಹೆಸರಿಲ್ಲದ ಗಡ್ಡೆಯಾಗುತ್ತದೆ. ಗುಜರಿಯವನಿಗೆ 'ಬೀಡು' ಎಂದಷ್ಟೇ ಕಂಡದ್ದರಲ್ಲಿ ಅವನ ತಪ್ಪಿಲ್ಲ. ಪೂಜೆಯ ಭಕ್ತಿಯೇ ಅದರ ಗುರುತನ್ನು ಮರೆಮಾಡಿರುತ್ತದೆ. ಪಕ್ಕದ ಗೋಡೆಗಳ ಮೇಲೆ ಬೆರಳಾಡಿಸಿ. ಉಬ್ಬು ತಗ್ಗು ಸಿಕ್ಕರೆ ಅಲ್ಲಿ ಅಕ್ಷರವಿದೆ.

ಕೊಳ್ಳುವ ಮುಂಚೆ

ಬೀಡು ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನೂ ಪೆಟ್ಟನ್ನೂ ತಡೆಯದು. ಅದರೊಳಗೆ ಗ್ರಾಫೈಟ್ ತೆಳು ಎಸಳುಗಳಂತೆ ಹರಡಿರುತ್ತದೆ. ಬಿರುಕು ಒಂದು ಎಸಳಿನಿಂದ ಇನ್ನೊಂದಕ್ಕೆ ಸುಲಭವಾಗಿ ಹಾಯುತ್ತದೆ. ಹಿಡಿಕೆಗೆ ಪೈಪು ತೂರಿಸಿ ಬಿಗಿದ, ದವಡೆಯ ಮೇಲೆ ದೊಡ್ಡ ಸುತ್ತಿಗೆಯಲ್ಲಿ ಬಡಿದ ವೈಸ್‌ಗಳಲ್ಲಿ ಬಿರುಕು ಬಣ್ಣದಡಿ ಅಡಗಿರುತ್ತದೆ. ಪರೀಕ್ಷೆ ಸುಲಭ, ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರಿಗೆಲ್ಲ ಗೊತ್ತಿರುವುದೇ. ವೈಸ್ ಅನ್ನು ನೆಲದಿಂದ ಸ್ವಲ್ಪ ಎತ್ತಿ ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಎಂದರೆ ಸರಿ, ಬೊಕ್ಕ ಸದ್ದು ಬಂದರೆ ಇನ್ನೊಮ್ಮೆ ನೋಡಿ. ಸಂದುಗಳಲ್ಲಿ ಹಳದಿ ಗೆರೆ ಕಂಡರೆ ಯಾರೋ ಹಿಂದೆಯೇ ಹಿತ್ತಾಳೆ ಹಾಕಿ ಬೆಸೆದಿದ್ದಾರೆ ಎಂದರ್ಥ.

ಆಮೇಲೆ ಹಿಡಿಕೆ ತಿರುಗಿಸಿ ನೋಡಿ. ದಿಕ್ಕು ಬದಲಿಸಿದಾಗ ದವಡೆ ಅಲುಗುವ ಮುಂಚೆ ಹಿಡಿಕೆ ಎಷ್ಟು ಬರಿದೇ ತಿರುಗುತ್ತದೆ ಎಂಬುದು ಸ್ಕ್ರೂ ಮತ್ತು ನಟ್ ಸವೆದ ಅಳತೆ. ಕಾಲು ಸುತ್ತು ಮಾಮೂಲು. ಅರ್ಧ ಸುತ್ತು ಮೀರಿದರೆ ಬೆಲೆ ಇಳಿಸಿ ಕೇಳಬಹುದು. ಗಟ್ಟಿಯಾಗಿ ಕಚ್ಚಿಕೊಂಡು ತಿರುಗದಿದ್ದರೆ ಹೆದರಬೇಕಾಗಿಲ್ಲ. ತುಕ್ಕು ಹಿಡಿದು ನಿಂತದ್ದನ್ನು ಬಿಡಿಸಬಹುದು, ಸವೆದದ್ದನ್ನು ಮರಳಿ ತರಲಾಗದು. ದವಡೆಯ ಮುಖಕ್ಕೆ ಹಾಕಿದ ಉಕ್ಕಿನ ಪಟ್ಟಿ ಇಲ್ಲದಿದ್ದರೂ ಚಿಂತೆಯಿಲ್ಲ, ಯಾವ ಲೇತ್ ವರ್ಕ್‌ಶಾಪಿನಲ್ಲಾದರೂ ಮಾಡಿಸಬಹುದು. ಬೆಂಗಳೂರಿನ ಭಾನುವಾರದ ಸಂತೆಯಂಥ ಕಡೆ ಚೌಕಾಸಿಗೆ ಮುಂಚೆ ಇಷ್ಟು ನೋಡಿಕೊಂಡರೆ ಸಾಕು.

ತುಕ್ಕು ಬಿಡಿಸುವುದು

ಮನೆಗೆ ತಂದ ಮೇಲೆ ಮೊದಲ ಕೆಲಸ ಸುಮ್ಮನಿರುವುದು. ನಿಂತುಹೋದ ಸ್ಕ್ರೂವಿಗೆ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನೋ ದಿನಕ್ಕೆ ಎರಡು ಬಾರಿ ಬಿಡುತ್ತ ನಾಲ್ಕೈದು ದಿನ ಕಾಯಬೇಕು. ಆತುರಕ್ಕೆ ಬಿದ್ದು ಸುತ್ತಿಗೆ ಎತ್ತಿದವರೇ ಅರ್ಧಕ್ಕರ್ಧ ಹಳೆಯ ವೈಸ್‌ಗಳನ್ನು ಒಡೆದಿರುವುದು. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ತುಕ್ಕಿಗೆ ಹುಳಿ ಹಳೆಯ ಮದ್ದು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವ ನಮ್ಮ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಬ್ಬಿಣದ ತುಕ್ಕನ್ನೂ ಸಡಿಲಿಸುತ್ತದೆ. ಪಾಶ್ಚಾತ್ಯರು ವಿನಿಗರ್ ಬಳಸುತ್ತಾರೆ. ಎರಡರಲ್ಲೂ ಮರೆತು ನಾಲ್ಕು ದಿನ ನೆನೆಹಾಕಿದರೆ ತುಕ್ಕಿನ ಜೊತೆಗೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ತೆಗೆದ ಕೂಡಲೇ ಸೋಡಾ ನೀರಿನಲ್ಲಿ ತೊಳೆದು ಹುಳಿಯನ್ನು ಮುರಿಯಬೇಕು.

ದೊಡ್ಡ ಎರಕಗಳಿಗೆ ಒಳ್ಳೆಯದು ವಿದ್ಯುದ್ವಿಭಜನೆ. ಹೆಸರು ಕೇಳಿ ಹೆದರಬೇಕಿಲ್ಲ, ಪಿಯುಸಿ ಪ್ರಯೋಗಾಲಯದ ಪಾಠವೇ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ. ವೈಸ್‌ನ ಭಾಗವನ್ನು ನೀರಿನಲ್ಲಿ ತೂಗುಬಿಟ್ಟು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಗೆ ಜೋಡಿಸುವುದು. ಧನ ತಂತಿಗೆ ಬೇಡದ ಒಂದು ಕಬ್ಬಿಣದ ಸರಳು. ಎರಡೂ ಒಂದಕ್ಕೊಂದು ತಾಗಬಾರದು. ವಿದ್ಯುತ್ ಹರಿದಾಗ ವೈಸ್‌ನ ಮೇಲೆ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ತುಕ್ಕು ಸಡಿಲವಾಗಿ ಕಪ್ಪು ಕೆಸರಾಗುತ್ತದೆ. ಸರಳು ತಾನು ಸವೆಯುತ್ತ ಹೋಗುತ್ತದೆ. ಒಂದು ರಾತ್ರಿ ಬಿಟ್ಟು, ಬ್ರಷ್ಷಿನಲ್ಲಿ ಉಜ್ಜಿ ತೊಳೆದರೆ ನೂರು ವರ್ಷದ ಹಿಂದಿನ ಅಕ್ಷರ ಎದ್ದು ನಿಲ್ಲುತ್ತದೆ. ಹುಳಿಯ ಹಾಗೆ ಇದು ಒಳ್ಳೆಯ ಕಬ್ಬಿಣವನ್ನು ತಿನ್ನದು. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಚಾರ್ಜರೇ ಬೇಕು; ಹೊಸ ಎಲೆಕ್ಟ್ರಾನಿಕ್ ಚಾರ್ಜರುಗಳಲ್ಲಿ ಹೆಚ್ಚಿನವು ಎದುರಿಗೆ ಬ್ಯಾಟರಿ ಕಾಣದಿದ್ದರೆ ವಿದ್ಯುತ್ತನ್ನೇ ಹರಿಸವು.

ಇಲ್ಲಿ ಕೆಲವು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ತಪ್ಪಿದರೆ ಹೋಗುವುದು ವೈಸ್ ಮಾತ್ರವಲ್ಲ. ತಂತಿ ಅದಲುಬದಲಾದರೆ ಸರಳಿನ ಬದಲು ವೈಸೇ ಕರಗುತ್ತದೆ. ಸರಳಿನ ಜಾಗದಲ್ಲಿ 'ತುಕ್ಕು ಹಿಡಿಯುವುದಿಲ್ಲ, ಬಾಳಿಕೆ ಬರುತ್ತದೆ' ಎಂದು ಅಡುಗೆಮನೆಯ ಸ್ಟೀಲ್ ಚಮಚವನ್ನೋ ತಟ್ಟೆಯನ್ನೋ ಹಾಕಲೇಬಾರದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ನೀರಿಗಿಳಿದು ಕ್ಯಾನ್ಸರ್ ತರುವ ವಿಷರೂಪ ತಾಳುತ್ತದೆ. ಸೋಡಾ ಸಿಗಲಿಲ್ಲವೆಂದು ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೇಲೇಳುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುವಂಥದು, ಆದ್ದರಿಂದ ಬಾಗಿಲು ಮುಚ್ಚಿದ ಕೋಣೆ ಬೇಡ, ಹಿತ್ತಲೇ ಸರಿ. ಚಾರ್ಜರನ್ನು ಆರಿಸದೆ ನೀರಿಗೆ ಕೈ ಹಾಕುವುದೂ ಬೇಡ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಆ ಬಣ್ಣವನ್ನು ಒಣಗಿದ್ದಾಗ ಗ್ರೈಂಡರಿನಲ್ಲಿ ಉಜ್ಜಿ ಧೂಳೆಬ್ಬಿಸಿದರೆ ಮನೆಯ ಮಕ್ಕಳ ಶ್ವಾಸಕ್ಕೆ ಅದು ಹೋಗುತ್ತದೆ. ಒದ್ದೆ ಮಾಡಿ ಕೆರೆಯಬೇಕು.

ಮರದ ಹಿಡಿಕೆಗಳಿಗೆ ಅಗಸೆ ಎಣ್ಣೆ ಒಳ್ಳೆಯದು, ಉತ್ತರ ಕರ್ನಾಟಕದವರಿಗೆ ಅಗಸಿ ಮನೆಯದೇ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಬಿಸಿಯಾಗುತ್ತದೆ, ಉಂಡೆಯೊಳಗಿನ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಂಡ ಪ್ರಸಂಗಗಳಿವೆ. ಹರಡಿ ಒಣಹಾಕಬೇಕು.

ಎಷ್ಟು ಹೊಸದು ಮಾಡಬೇಕು?

ಇಲ್ಲಿ ಸಂಗ್ರಹಕಾರರಲ್ಲೇ ಜಗಳವಿದೆ. ಒಂದು ಪಂಗಡ ಎಲ್ಲವನ್ನೂ ಕನ್ನಡಿಯಂತೆ ಉಜ್ಜಿ, ಗಾಢ ಬಣ್ಣ ಬಳಿದು, ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬಿ ಕಪಾಟಿನಲ್ಲಿಡುತ್ತದೆ. ಇನ್ನೊಂದು ಪಂಗಡ ತುಕ್ಕು ನಿಲ್ಲಿಸಿ, ಎಣ್ಣೆ ಒರೆಸಿ, ವಯಸ್ಸಿನ ಕಂದು ಬಣ್ಣವನ್ನು ಹಾಗೇ ಬಿಡುತ್ತದೆ. ಎರಡನೆಯವರ ಪಕ್ಷವೇ ಸರಿಯೆನಿಸುತ್ತದೆ. ಗ್ರೈಂಡರ್ ಒಮ್ಮೆ ಹಾಯ್ದರೆ ರೈಲ್ವೆಯ ಅಕ್ಷರ, ತಿಂಗಳು ವರ್ಷದ ಮುದ್ರೆ, ಯಾವನೋ ಫಿಟ್ಟರ್ ಮೊಳೆಯಿಂದ ಗೀಚಿದ ತನ್ನ ಟೋಕನ್ ನಂಬರು ಎಲ್ಲವೂ ಹೋಗುತ್ತದೆ. ಬಣ್ಣ ಮತ್ತೆ ಬಳಿಯಬಹುದು. ಹೋದ ಲೋಹ ಬಾರದು. ತಳದ ಆ ನಂಬರು ಬಹುಶಃ ಆ ಫಿಟ್ಟರ್ ಬಿಟ್ಟುಹೋದ ಒಂದೇ ಬರವಣಿಗೆ.

ಹಾಗೆಂದು ಮುಟ್ಟದೆ ಇಡುವುದೂ ಅಲ್ಲ. ವೈಸ್ ಇರುವುದು ಹಿಡಿಯುವುದಕ್ಕೆ. ಮನೆಯಲ್ಲಿ ನಿವೃತ್ತ ಫಿಟ್ಟರ್ ಅಜ್ಜ ಇದ್ದರೆ ಅವರನ್ನು ಕರೆದು ತೋರಿಸಿ. ಪುಸ್ತಕದಲ್ಲಿ ಸಿಗದ ಮಾತುಗಳು ಅವರ ಬಾಯಲ್ಲಿರುತ್ತವೆ: ಯಾವ ಕಂಪೆನಿಯ ವೈಸ್‌ನ ಹಿಡಿಕೆ ಬೇಗ ಬಾಗುತ್ತಿತ್ತು, ಯಾವುದನ್ನು ಹಿಡಿಯಲು ಶಿಫ್ಟಿಗೆ ಹತ್ತು ನಿಮಿಷ ಮುಂಚೆ ಹೋಗಬೇಕಿತ್ತು, ತಾಮ್ರದ ತಗಡನ್ನು ಬಾಗಿಸಿ ದವಡೆಗೆ ಹೊದಿಸಿ ನಯವಾದ ಕೆಲಸವನ್ನು ಗಾಯವಾಗದಂತೆ ಹಿಡಿಯುವುದು ಹೇಗೆ. ಕೇಳಿದ್ದನ್ನು ಬರೆದಿಡಿ. ವೈಸ್ ಎಲ್ಲಿಂದ ಬಂತು, ಯಾವ ಊರಿನ ಯಾವ ವರ್ಕ್‌ಶಾಪಿನದು ಎಂದು ಗುಜರಿಯವನನ್ನು ಕೇಳಿದರೆ ಅವನೂ ಹೇಳುತ್ತಾನೆ, ಮರುವಾರ ಕೇಳಿದರೆ ಮರೆತಿರುತ್ತಾನೆ.

ಕೊನೆಗೆ, ಮೇಜಿಗೆ ಕೂರಿಸುವ ಮಾತು. ವೈಸ್‌ನ ಮುಂದೆ ನೆಟ್ಟಗೆ ನಿಂತು ಕೈ ಮಡಿಸಿದರೆ ದವಡೆಯ ಮೇಲಂಚು ನಿಮ್ಮ ಮೊಣಕೈಗೆ ಸರಿಸಮವಾಗಿ ಬರಬೇಕು. ಕೆಳಗಿದ್ದರೆ ಬೆನ್ನು, ಮೇಲಿದ್ದರೆ ಭುಜ ನೋಯುತ್ತದೆ. ಒಳಗಿನ ದವಡೆಯ ಮುಖ ಮೇಜಿನ ಅಂಚಿನಿಂದ ಸ್ವಲ್ಪ ಮುಂದಿರಲಿ, ಉದ್ದನೆಯ ಸರಳನ್ನು ನೆಲದವರೆಗೂ ನಿಲ್ಲಿಸಿ ಹಿಡಿಯಲು ಬರುತ್ತದೆ. ಬೋಲ್ಟು ಬಿಗಿದಾದ ಮೇಲೆ ದಿನಪತ್ರಿಕೆಯಿಂದ ಎರಡು ತೆಳು ಪಟ್ಟಿ ಹರಿದು ದವಡೆಯ ಎರಡು ತುದಿಗೂ ಒಂದೊಂದು ಇಟ್ಟು ಮೆಲ್ಲಗೆ ಬಿಗಿಯಿರಿ. ಎಳೆದಾಗ ಎರಡೂ ಬಾರದೆ ಹರಿದರೆ ದವಡೆಗಳು ಸಮವಾಗಿವೆ. ಒಂದು ಜಾರಿ ಬಂದರೆ ಇನ್ನೊಂದು ಬದಿಯ ಉಕ್ಕಿನ ಪಟ್ಟಿಯ ಹಿಂದೆ ಇನ್ನೂ ತುಕ್ಕು ಉಳಿದಿರಬಹುದು, ಬಿಚ್ಚಿ ನೋಡಿ.